ಒಡಿಯಾದಲ್ಲೊಮ್ಮೆ, ಕನ್ನಡದಲ್ಲೊಮ್ಮೆ

ಕೃಷ್ಣ ಬದುಕಿದ್ದಷ್ಟು ದಿನ ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅವನ ತಾಯಿ ಚಾಮುಂಡಮ್ಮನಂತೂ ಹಾಗೆಂದೇ ನಂಬಿದ್ದಳು. ಅತ್ತೆಯ ಮಾತನ್ನು ಸೊಸೆಗೆ, ಸೊಸೆಯ ಮಾತನ್ನು ಅತ್ತೆಗೆ ದಾಟಿಸುವುದು ಮಗನ ಕೆಲಸ. ಬೆಳಿಗ್ಗೆ ಫ್ಯಾಕ್ಟರಿಗೆ ಹೊರಡುವ ಮುಂಚೆ ಒಂದು ಸುತ್ತು, ಸಂಜೆ ಬಂದು ಕೈಕಾಲು ತೊಳೆದ ಮೇಲೆ ಇನ್ನೊಂದು ಸುತ್ತು. ಬೂಸಾಕ್ಕೆ ನೀರು ಜಾಸ್ತಿಯಾಗುತ್ತಿದೆ, ಸಾರಿಗೆ ಹುಳಿ ಸಾಲದು, ಮೂಲೆಮನೆ ಮಲ್ಲಾಜಮ್ಮನಿಗೆ ಸಕ್ಕರೆ ಕೊಡಬೇಡ, ಕೊಟ್ಟರೆ ಲೋಟವೂ ವಾಪಸು ಬರುವುದಿಲ್ಲ ಎಂದು ಅವಳು ಹೇಳುತ್ತಾ ಹೋಗುವಳು. ಅವನು ನಗುತ್ತಾ ಹೆಂಡತಿಯ ಕಡೆ ತಿರುಗಿ ಒಡಿಯಾದಲ್ಲಿ ಏನೋ ಅನ್ನುವನು. ಸೊಸೆ ತಲೆಯಾಡಿಸಿದರೆ ಆ ದಿನದ ಸಂಸಾರ ಸುಸೂತ್ರವಾಗಿ ನಡೆಯಿತೆಂದು ಅರ್ಥ.

ಹೆಣ್ಣು ತಂದದ್ದು ಒಡಿಶಾದಿಂದ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಕೃಷ್ಣನಿಗೆ ಮೂವತ್ತಾರು ತುಂಬುವವರೆಗೆ ಚಾಮುಂಡಮ್ಮ ಬಿಳಿಗೆರೆ, ಹೆಮ್ಮರಗಾಲ, ಕಳಲೆ ಎಂದು ಸುತ್ತದ ಊರಿಲ್ಲ, ಹೆಣ್ಣಿನ ಮನೆಗಳಲ್ಲಿ ತಿನ್ನದ ಉಪ್ಪಿಟ್ಟಿಲ್ಲ. ಎಲ್ಲ ಕಡೆಯೂ ಒಂದೇ ಪ್ರಶ್ನೆ, ಹುಡುಗನ ಕೆಲಸ ಪರ್ಮನೆಂಟಾ ಎಂದು. ಇವನದೋ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಕೆಲಸ. ಉಪ್ಪಿಟ್ಟು ತಿಂದು ಕೈತೊಳೆಯುವಷ್ಟರಲ್ಲಿ ಮಾತು ಮುರಿದುಬೀಳುತ್ತಿತ್ತು. ಕೊನೆಗೆ ಅವನ ಪಕ್ಕದ ಮೆಷಿನ್ನಿನಲ್ಲಿ ನಿಲ್ಲುತ್ತಿದ್ದ ಒಡಿಶಾದವನೊಬ್ಬ ತನ್ನ ಚಿಕ್ಕಪ್ಪನ ಮಗಳ ಫೋಟೊ ತೋರಿಸಿದ. ಎರಡು ದಿನ ರೈಲಿನಲ್ಲಿ ಕೂತು ಹೋದರು, ತಾಳಿ ಕಟ್ಟಿಸಿಕೊಂಡು ಬಂದರು. ಹುಡುಗಿಯ ಹೆಸರು ಮಿನತಿ. ಅದು ಬೀದಿಯವರ ನಾಲಿಗೆಗೆ ಹತ್ತದೆ ಒಂದೇ ವಾರಕ್ಕೆ ಮೀನಾಕ್ಷಿಯಾಯಿತು.

ಮಗ ಆ ಮಾತು ಕಲಿತದ್ದು ಚಾಮುಂಡಮ್ಮನಿಗೆ ದೊಡ್ಡ ಹೆಮ್ಮೆ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ, ನನ್ನ ಮಗ ಎಂಟನೇ ಕ್ಲಾಸು ಫೇಲಾದರೇನು, ಹೆಂಡತಿಗಾಗಿ ಇನ್ನೊಂದು ದೇಶದ ಮಾತು ಕಲಿತ ಎಂದು ಹೇಳಿಕೊಂಡು ಬಂದವಳು ಅವಳು. ತಾನು ಮಾತ್ರ ಒಂದಕ್ಷರ ಕಲಿಯಲಿಲ್ಲ. ಮಗನಿರುವಾಗ ತನಗೇಕೆ ಆ ಉಸಾಬರಿ?

ಎಂಟು ತಿಂಗಳ ಹಿಂದೆ ಬೆಳಗಿನ ಪಾಳಿಗೆ ಹೊರಟ ಕೃಷ್ಣನ ಬೈಕಿಗೆ ಲಾರಿ ಬಡಿಯಿತು. ಅಲ್ಲಿಗೆ ಮಗನೂ ಹೋದ, ಮಾತೂ ಹೋಯಿತು.

ತಿಥಿಗೆ ಬಂದವರು ಹೊರಟುಹೋದ ಮೇಲೆ ತಗಡಿನ ಸೂರಿನಡಿ ಇಬ್ಬರು ಹೆಂಗಸರು, ಹಿತ್ತಲಲ್ಲಿ ಎರಡು ಹಸು. ಮೂರು ವರ್ಷದಲ್ಲಿ ಮಿನತಿ ಕಲಿತಿದ್ದ ಕನ್ನಡವೆಂದರೆ ಹಾಲು, ನೀರು, ಉಪ್ಪು, ಊಟ, ಬಾ, ಆಯಿತು ಇಂಥವು, ಎಲ್ಲ ಸೇರಿಸಿದರೆ ಒಂದು ನಲವತ್ತು ಆದೀತು. ನಲವತ್ತು ಮಾತಿನಲ್ಲಿ ಅಡುಗೆ ಮಾಡಬಹುದು, ಹಾಲು ಕರೆಯಬಹುದು, ಬಾಗಿಲು ಹಾಕಿ ಮಲಗಬಹುದು. ಜೊತೆಯಲ್ಲಿ ಕೂತು ಅಳಲು ಅಷ್ಟು ಸಾಲದು. ಹಾಗಾಗಿ ಒಬ್ಬಳು ಕೊಟ್ಟಿಗೆಯಲ್ಲಿ ಅತ್ತಳು, ಇನ್ನೊಬ್ಬಳು ಬಚ್ಚಲಲ್ಲಿ ಅತ್ತಳು. ಊಟದ ಹೊತ್ತಿಗೆ ಇಬ್ಬರೂ ಮುಖ ತೊಳೆದುಕೊಂಡು ಬಂದು ತಟ್ಟೆ ನೋಡಿಕೊಂಡು ಉಂಡರು.

ಸಂಜೆಯಾದರೆ ಮಿನತಿ ಹಿತ್ತಲ ಕಲ್ಲಿನ ಮೇಲೆ ಕೂತು ತವರಿಗೆ ಫೋನು ಮಾಡುತ್ತಿದ್ದಳು. ತೀರಾ ಸಣ್ಣ ದನಿ. ಆ ಮಾತಿನಲ್ಲಿ ಆಗಾಗ ‘ಶಾಶು’ ಎಂದು ಬರುತ್ತಿತ್ತು. ಹಾಗೆಂದರೆ ಅತ್ತೆ ಎಂದು ಕೃಷ್ಣ ಒಮ್ಮೆ ಹೇಳಿದ್ದ. ಚಾಮುಂಡಮ್ಮ ಒಳಗೆ ದೀಪ ಹಚ್ಚುತ್ತಾ, ತನ್ನ ವಿಷಯ ಏನು ಹೇಳುತ್ತಿದ್ದಾಳೋ ಎಂದು ಕಿವಿ ಆ ಕಡೆಗೇ ಇಟ್ಟುಕೊಂಡಿರುತ್ತಿದ್ದಳು. ಎಷ್ಟು ಕೇಳಿದರೂ ಸಿಗುತ್ತಿದ್ದುದು ಆ ಒಂದು ಪದ ಮಾತ್ರ.

ಒಂದು ದಿನ ಮಿನತಿ ಅತ್ತೆಯನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ಕರೆದು ನಿಲ್ಲಿಸಿ, ಒಂದು ಭಾನುವಾರದ ಮೇಲೆ ಬೆರಳಿಟ್ಟು, “ಅಣ್ಣ. ಬತ್ತಾನೆ” ಎಂದಳು.

ಚಾಮುಂಡಮ್ಮ ಆ ಭಾನುವಾರವನ್ನೇ ನೋಡಿದಳು. ಎರಡು ದಿನ ರೈಲಿನಲ್ಲಿ ಕೂತು ಬರುವವನು ಸುಮ್ಮನೆ ಮುಖ ನೋಡಿ ಹೋಗಲು ಬರುತ್ತಾನೆಯೆ? ಕರೆದುಕೊಂಡು ಹೋಗಲೇ ಬರುತ್ತಾನೆ. ಹೋಗುತ್ತೀಯಾ ಎಂದು ಕೈಸನ್ನೆಯಲ್ಲಾದರೂ ಕೇಳಬಹುದಿತ್ತು. ಹೌದು ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ. “ಆಯ್ತು” ಎಂದು ಒಳಗೆ ಹೋಗಿ ಸುಮ್ಮನೆ ಅಕ್ಕಿಯ ಡಬ್ಬದ ಮುಚ್ಚಳ ತೆಗೆದು ಮತ್ತೆ ಹಾಕಿದಳು.

ಸೊಸೆ ಹೋದರೆ ಮುದ್ದೆ ತಿರುವಲು ಜನವಿಲ್ಲ, ಹುಲ್ಲು ತರಲು ಜನವಿಲ್ಲ ಎಂಬುದಲ್ಲ ಅವಳ ಸಂಕಟ. ನಿಜವಾದದ್ದನ್ನು ಯಾರಿಗೂ ಹೇಳಿರಲಿಲ್ಲ. ಮದುವೆಯಾದ ಮೇಲೆ ರಾತ್ರಿ ಊಟವಾಗಿ ಗಂಡಹೆಂಡಿರು ಪರದೆಯ ಆಚೆ ಹೋದರೆ ಅಲ್ಲಿಂದ ಒಡಿಯಾ ಮಾತು, ನಗು, ಮತ್ತೆ ಮಾತು ಕೇಳಿಬರುತ್ತಿತ್ತು. ಮಗ ತನ್ನ ಹತ್ತಿರ ಆಡದೆ ಉಳಿಸಿಕೊಂಡ ಮಾತೆಲ್ಲ ಅಲ್ಲಿ ಆಡುತ್ತಿದ್ದಾನೆ ಎಂದು ಅವಳಿಗೆ ಆಗ ಒಂದಿಷ್ಟು ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಅದೇ ಆಸೆಯಾಗಿತ್ತು. ಕೃಷ್ಣನ ಕೊನೆಯ ಮೂರು ವರ್ಷದ ಮಾತೆಲ್ಲ ಈ ಹುಡುಗಿಯ ಹೊಟ್ಟೆಯಲ್ಲಿದೆ. ಫ್ಯಾಕ್ಟರಿಯಲ್ಲಿ ಯಾರು ಬೈದರು, ಯಾವುದಕ್ಕೆ ಆಸೆಪಟ್ಟ, ಅವ್ವನ ವಿಷಯ ಏನಂದ, ಎಲ್ಲ ಅವಳಿಗೆ ಗೊತ್ತು. ಅವಳು ರೈಲು ಹತ್ತಿದರೆ ಅದೂ ಹತ್ತುತ್ತದೆ. ಮಗ ಇನ್ನೊಂದು ಸಲ ಸತ್ತ ಹಾಗೆಯೇ.

ನಗರಸಭೆ ಚುನಾವಣೆ ಬಂದದ್ದು ಆಗ. ಅವರ ವಾರ್ಡಿನ ಕೊನೆಯ ಎರಡು ಬೀದಿಯ ತುಂಬ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಕೊಟ್ಟ ರೂಮುಗಳು. ಹತ್ತಾರು ವರ್ಷದಿಂದ ಅಲ್ಲೇ ಬೇರೂರಿ ಓಟರ್ ಲಿಸ್ಟಿಗೆ ಸೇರಿಕೊಂಡ ಒಡಿಶಾದವರು, ಬಿಹಾರದವರು ಒಂದು ಐವತ್ತು ಜನ. ಕನ್ನಡ ಓದಲು ಬಾರದ ಇವರಿಗೆ ಓಟಿನ ಮಿಷನ್ನು ತೋರಿಸಿ ವಿವರಿಸಲಿ ಎಂದು ಚುನಾವಣಾ ಕಚೇರಿಯವರು ಒಬ್ಬ ಭಾಷಾ ಸಹಾಯಕಿಯನ್ನು ಹಾಕಿದರು. ಹೆಸರು ಸುನೀತಾ, ತಿ. ನರಸೀಪುರದ ಸರ್ಕಾರಿ ಶಾಲೆಯ ಟೀಚರು. ಅವಳ ತಂದೆ ಒಡಿಶಾದ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಹತ್ತನೇ ಕ್ಲಾಸಿನ ತನಕ ಅವಳು ಬೆಳೆದದ್ದೇ ಅಲ್ಲಿ.

ಓಟಿಗೆ ಎರಡು ವಾರ ಮೊದಲು ಅಂಗನವಾಡಿಯಲ್ಲಿ ಮಾದರಿ ಮಿಷನ್ನಿಟ್ಟು ತೋರಿಸಿದರು. ಚಾಮುಂಡಮ್ಮ ಸೊಸೆಯನ್ನು ಕರೆದುಕೊಂಡು ಹೋದಳು. ಸುನೀತಾ ಒಡಿಯಾದಲ್ಲಿ ಎರಡು ಮಾತಾಡುವುದರೊಳಗೆ ಪಕ್ಷಗಳ ಹುಡುಗರು ಎದ್ದು ನಿಂತರು. ನಮಗೆ ತಿಳಿಯದ ಭಾಷೆಯಲ್ಲಿ ಇವರು ಯಾವ ಗುರುತಿಗೆ ಒತ್ತಿ ಅಂತ ಹೇಳಿಕೊಡುತ್ತಿದ್ದಾರೋ ನಮಗೇನು ಗೊತ್ತು ಎಂದು ಗಲಾಟೆ. ಒಂದು ಗಳಿಗೆ ಮುಂಚೆ ಒಬ್ಬರ ಮುಖ ಒಬ್ಬರು ನೋಡದಿದ್ದ ಮೂರು ಪಕ್ಷದವರೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಾದರು. ಬಂದಿದ್ದ ಅಧಿಕಾರಿ ಒಂದು ದಾರಿ ಹುಡುಕಿದ. ಸಹಾಯಕಿ ಒಡಿಯಾದಲ್ಲಿ ಏನು ಹೇಳಿದರೂ ಅದನ್ನು ಆಗಿಂದಾಗಲೇ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಬೇಕು. ಓಟುದಾರರು ಆ ಭಾಷೆಯಲ್ಲಿ ಏನಂದರೂ ಅದನ್ನೂ ಹೇಳಬೇಕು, ಅವರ ವಿಷಯ ಕನ್ನಡದಲ್ಲಿ ಆಡಿದ್ದನ್ನು ಅವರಿಗೂ ತಿಳಿಸಬೇಕು, ಒಂದು ಮಾತನ್ನೂ ನುಂಗುವ ಹಾಗಿಲ್ಲ. ಸುನೀತಾ ಅದಕ್ಕೆ ಸಹಿ ಹಾಕಿದಳು. ಆಮೇಲೆ ನೀಲಿ ಬಟನ್ನು, ಕೆಂಪು ದೀಪ, ಕೀ ಎನ್ನುವ ಸದ್ದು ಎಲ್ಲವೂ ಎರಡೆರಡು ಸಲ ಆಯಿತು.

ಕೆಲಸ ಮುಗಿದು ಹುಡುಗರು ಟೀ ಕುಡಿಯಲು ಹೋದ ಮೇಲೆ ಸುನೀತಾ ನಲ್ಲಿಯ ಹತ್ತಿರ ಮಿನತಿಯನ್ನು ಮಾತಾಡಿಸಿದಳು. ಯಾವ ಜಿಲ್ಲೆ, ಯಾವ ಊರು ಎಂದೇನೋ ಕೇಳಿರಬೇಕು. ಮಿನತಿ ಬಾಯಿ ತೆರೆದಳು ನೋಡಿ, ಚಾಮುಂಡಮ್ಮ ಬೆರಗಾಗಿ ನಿಂತಳು. ತನ್ನ ಸೊಸೆಯ ದನಿ ಅಷ್ಟು ದಪ್ಪ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮಾತಿಗೆ ಕೈ ಆಡಿಸುತ್ತಾಳೆ, ಹುಬ್ಬು ಏರಿಸುತ್ತಾಳೆ, ತಲೆ ಹಿಂದಕ್ಕೆ ಹಾಕಿ ನಗುತ್ತಾಳೆ. ಮನೆಯಲ್ಲಿ ಮೂರು ವರ್ಷದಿಂದ ಓಡಾಡಿಕೊಂಡಿದ್ದವಳು ಇವಳಲ್ಲವೇ ಅಲ್ಲ.

ಸುನೀತಾ ಚಾಮುಂಡಮ್ಮನ ಕಡೆ ತಿರುಗಿ, “ಅಮ್ಮ, ನೀವು ಏನಾದ್ರೂ ಕೇಳ್ಬೇಕಾ ಇವರನ್ನ? ನಾನು ಹೇಳ್ತೀನಿ” ಎಂದಳು.

ಇದ್ದರೆ ಇಂಥ ಗಳಿಗೆ ಇರಬೇಕು. ಹೋಗುತ್ತೀಯಾ, ಇರುತ್ತೀಯಾ ಎಂದು ಕೇಳಿದರೆ ಮುಗಿಯಿತು. ಚಾಮುಂಡಮ್ಮನ ನಾಲಿಗೆಯ ತನಕ ಬಂತು. ಆದರೆ ಆ ನಗು ಇನ್ನೂ ಸೊಸೆಯ ಮುಖದ ಮೇಲಿತ್ತು. ತನ್ನ ಭಾಷೆ ಸಿಕ್ಕಿದರೆ ಹೀಗೆ ನಗುವವಳು ಈ ಮೂಕ ಮನೆಯಲ್ಲಿ ಏಕೆ ಇದ್ದಾಳು?

“ಬಟನ್ ಒತ್ತಾದು ತಿಳೀತಾ ಕೇಳಿ ಟೀಚರಮ್ಮ” ಎಂದಳು.

ಸುನೀತಾ ಕೇಳಿದಳು. ತಿಳಿಯಿತಂತೆ.

ಮನೆಗೆ ಬರುವಷ್ಟರಲ್ಲಿ ಮಿನತಿ ಮತ್ತೆ ಸಣ್ಣ ದನಿಯವಳಾಗಿದ್ದಳು. ಚಾಮುಂಡಮ್ಮನಿಗೆ ಅವಳ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಸತ್ತ ಮಗನ ಮೇಲೂ ಸಿಟ್ಟು. ಅದೇ ಸಿಟ್ಟಿನಲ್ಲಿ ಜಗಲಿಯ ಮೇಲೆ ಕೂತಿದ್ದಾಗ ಓಟು ಕೇಳುವವರು ಬಂದರು. ಮುಂದಾಳು ಮಧುಕುಮಾರ್, ಹಿಂದಿನ ಬೀದಿಯ ಮೊಬೈಲು ಅಂಗಡಿಯವನು. ಕೃಷ್ಣನನ್ನು ಬಲ್ಲವನು, ಅವನ ಹೆಂಡತಿಯ ಮುಖ ಮಾತ್ರ ಸರಿಯಾಗಿ ನೋಡಿದವನಲ್ಲ. ಅವರ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಓಟರ್ ಲಿಸ್ಟು ಹಿಡಿದು ಮನೆಮನೆಗೆ ಬರುತ್ತಾರೆ, ಯಾರು ಇದ್ದಾರೆ, ಯಾರು ಸತ್ತಿದ್ದಾರೆ, ಯಾರು ಊರು ಬಿಟ್ಟಿದ್ದಾರೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಊರಲ್ಲಿ ಇಲ್ಲದವರ ಹೆಸರಿಗೆ ಕೆಂಪು ಗೀಟು. ಓಟಿನ ದಿನ ಆ ಕೆಂಪು ಗೀಟಿನ ನಂಬರಿಗೆ ಯಾರಾದರೂ ಬಂದರೆ ಅದು ಕಳ್ಳ ಓಟು ಎಂದು ಬೂತಿನಲ್ಲಿ ಕೂತ ಏಜೆಂಟು ಎದ್ದು ನಿಲ್ಲುತ್ತಾನೆ.

“ದೊಡ್ಡವ್ವ, ಮನೇಲಿ ಎಲ್ಡು ಓಟು ಅಲ್ವಾ?” ಎಂದ ಮಧುಕುಮಾರ್.

“ಒಂದೇ ಕಣಪ್ಪ” ಎಂದಳು ಚಾಮುಂಡಮ್ಮ. “ಅವ್ಳು ಅವ್ರೂರ್ಗೆ ಓದ್ಲು.”

ಹಿತ್ತಲಲ್ಲಿ ಮಿನತಿ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಲೇ ಇತ್ತು. ಮಧುಕುಮಾರ್ ಲೊಚಗುಟ್ಟಿದ, ಕೆಂಪು ಪೆನ್ನು ತೆಗೆದ, ಗೀಟು ಹಾಕಿಕೊಂಡು ಮುಂದಿನ ಮನೆಗೆ ಹೋದ. ಚಾಮುಂಡಮ್ಮನಿಗೆ ಒಂದು ಗಳಿಗೆ ಹಗುರವಾಯಿತು. ಆಮೇಲೆ ಹಗುರವೂ ಉಳಿಯಲಿಲ್ಲ.

ಓಟು ಇದ್ದದ್ದು ಶುಕ್ರವಾರ. ಮಿನತಿಯ ಅಣ್ಣ ಬರುವುದು ಅದರ ಮರುದಿನ ಬಿಟ್ಟು ಭಾನುವಾರ. ಅಷ್ಟು ಹೊತ್ತಿಗೆ ತಾನು ಓಟು ಕೇಳುವವರಿಗೆ ಹೇಳಿದ್ದು ಚಾಮುಂಡಮ್ಮನಿಗೆ ಮರೆತೇಹೋಗಿತ್ತು. ಅತ್ತೆ ಸೊಸೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಶಾಲೆಯ ಕೋಣೆಯ ಮುಂದೆ ಹೆಂಗಸರ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತರು. ಮಿನತಿ ಮುಂದೆ, ಇವಳು ಹಿಂದೆ.

ಒಳಗೆ ಮಿನತಿಯ ಹೆಸರು ಕೂಗಿದ್ದೇ ತಡ, ಏಜೆಂಟಾಗಿ ಕೂತಿದ್ದ ಮಧುಕುಮಾರ್ ತನ್ನ ಲಿಸ್ಟಿನ ಮೇಲೆ ಬೆರಳಿಟ್ಟು ಎದ್ದ. ಇದು ಕಳ್ಳ ಓಟು, ಕೃಷ್ಣನ ಹೆಂಡತಿ ಊರು ಬಿಟ್ಟು ಎರಡು ವಾರವಾಯಿತು, ಇವಳನ್ನು ಬಾಡಿಗೆ ರೂಮುಗಳಿಂದ ಯಾರೋ ಕರೆತಂದಿದ್ದಾರೆ ಎಂದು ಆಕ್ಷೇಪಣೆ ಎತ್ತಿದ. ಮತಗಟ್ಟೆ ಅಧಿಕಾರಿ ಕಾರ್ಡು ಇಸಿದುಕೊಂಡು ನೋಡಿದರು. ಅದರ ಫೋಟೊ ಮದುವೆಯ ಹೊಸತರಲ್ಲಿ ತೆಗೆಸಿದ್ದು. ದುಂಡು ಕೆನ್ನೆ, ಹಣೆಯಲ್ಲಿ ದೊಡ್ಡ ಬೊಟ್ಟು. ಎದುರಿಗೆ ನಿಂತವಳ ಕೆನ್ನೆ ಒಳಕ್ಕೆ ಹೋಗಿತ್ತು, ಹಣೆ ಖಾಲಿಯಾಗಿತ್ತು. ಎಂಟು ತಿಂಗಳಲ್ಲಿ ಒಂದು ಮುಖ ಇಷ್ಟು ಬದಲಾಗಬಹುದು ಎಂದು ಆ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಮೂಲೆಯ ಮೇಜಿನಲ್ಲಿ ಕೂತಿದ್ದ ಸುನೀತಾಳನ್ನು ಕರೆದರು. ಹೆಸರು ಕೇಳಿ, ಗಂಡನ ಹೆಸರು ಕೇಳಿ, ಮನೆಯಲ್ಲಿ ಯಾರಿದ್ದಾರೆ ಕೇಳಿ ಎಂದರು. ಒಡಿಯಾದಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಪ್ರಶ್ನೆ ಬಂತು, ಉತ್ತರ ಬಂತು. ಎಲ್ಲ ಸರಿಯಾಗಿತ್ತು. ಮಧುಕುಮಾರ್ ಬಿಡಲಿಲ್ಲ. ಇದನ್ನೆಲ್ಲ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ, ಊರಿಗೆ ಹೋದಳು ಎಂದು ಅವಳ ಅತ್ತೆಯೇ ನನಗೆ ತನ್ನ ಬಾಯಲ್ಲಿ ಹೇಳಿದ್ದಾಳೆ ಎಂದ.

ಬಾಗಿಲಲ್ಲಿ ನಿಂತ ಚಾಮುಂಡಮ್ಮನಿಗೆ ಜಗಲಿಯ ಮೇಲೆ ಆಡಿದ್ದು ಈಗ ನೆನಪಾಯಿತು. ನಿಯಮ ನಿಯಮವೇ. ಸುನೀತಾ ಆ ಮಾತನ್ನೂ ಒಡಿಯಾದಲ್ಲಿ ಹೇಳಿದಳು. ಮಿನತಿ ನಿಧಾನವಾಗಿ ತಿರುಗಿ ಅತ್ತೆಯನ್ನು ನೋಡಿದಳು.

ಅಧಿಕಾರಿ ಚಾಮುಂಡಮ್ಮನನ್ನು ಒಳಗೆ ಕರೆದು ಇವಳು ನಿನ್ನ ಸೊಸೆಯಾ ಅಲ್ಲವಾ ಎಂದು ಕೇಳಿದರು.

“ನನ್ ಸೊಸೇನೇಯ ಸಾ.”

“ಊರ್ಗೆ ಓದ್ಲು ಅಂದ್ರಲ್ಲ ದೊಡ್ಡವ್ವ” ಎಂದ ಮಧುಕುಮಾರ್.

“ಸುಳ್ಳೇಳ್ದೆ ಕಣಪ್ಪ.”

ಏಕೆ ಎಂದು ಅಧಿಕಾರಿ ಕೇಳಿದರು. ಅವರಿಗೆ ಅದು ಬೇಕಿರಲಿಲ್ಲ, ಬಾಯಿಗೆ ಬಂತು, ಕೇಳಿದರು. ಒಳಗೆ ನಾಲ್ಕು ಜನ ಸಿಬ್ಬಂದಿ, ಮೂವರು ಏಜೆಂಟರು, ಬಾಗಿಲಲ್ಲಿ ಬೀದಿಯ ಹೆಂಗಸರ ಸಾಲು. ಅದರಲ್ಲಿ ಮಲ್ಲಾಜಮ್ಮ ಬೇರೆ ಕತ್ತು ಉದ್ದ ಮಾಡಿಕೊಂಡು ನಿಂತಿದ್ದಳು. ಎಂಟು ತಿಂಗಳಿಂದ ಯಾರೆದುರೂ ಕಣ್ಣೀರು ಹಾಕದ ಚಾಮುಂಡಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು, ಮತ್ತೆ ತೆಗೆದಳು.

“ಅವ್ರಣ್ಣ ಬತ್ತಾವ್ನೆ ಕರ್ಕೊಂಡೋಗಕೆ. ಓಗೋದಂತೂ ಓಯ್ತಾಳೆ. ಈಗ್ಲೇ ಓದ್ಲು ಅಂತ ನಾಕು ಜನಕ್ಕೆ ಏಳ್ಬುಟ್ರೆ ಆವತ್ತು ಅಷ್ಟು ನೋಯಕಿಲ್ಲ ಅನ್ಕಂಡೆ ಸಾ.”

ಸುನೀತಾ ಅಧಿಕಾರಿಯ ಮುಖ ನೋಡಿದಳು, ಏಜೆಂಟರ ಮುಖ ನೋಡಿದಳು, ಆಮೇಲೆ ಅದನ್ನೂ ಒಡಿಯಾದಲ್ಲಿ ಹೇಳಿದಳು. ಸ್ವಲ್ಪ ನಿಧಾನವಾಗಿಯೇ ಹೇಳಿದಳು.

ಮಿನತಿ ಮಾತಾಡತೊಡಗಿದಳು. ಮನೆಯ ಸಣ್ಣ ದನಿಯಲ್ಲ, ನಲ್ಲಿಯ ಹತ್ತಿರ ಕೇಳಿಸಿದ್ದ ಆ ದಪ್ಪ ದನಿ. ನಗುವಿರಲಿಲ್ಲ ಅಷ್ಟೆ. ಸುನೀತಾ ಕೇಳಿಸಿಕೊಂಡು, ಇದು ಓಟಿನ ವಿಷಯ ಅಲ್ಲ ಎಂದಳು. ಏಜೆಂಟರಲ್ಲಿ ಒಬ್ಬ, ಏನೇ ಇರಲಿ ಮೇಡಂ, ಕನ್ನಡದಲ್ಲಿ ಹೇಳಲೇಬೇಕು, ನೀವು ಸಹಿ ಹಾಕಿದ್ದೀರಿ ಎಂದ. ಸುನೀತಾ ಮೇಜಿನ ಅಂಚು ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“‘ಅಣ್ಣನ್ನ ಬರೋಕೆ ಹೇಳಿದ್ದು ನಾನೇ. ಊರಿನ ಆಸೆಗಲ್ಲ. ಎಂಟು ತಿಂಗಳಿಂದ ಅತ್ತೆ ನನ್ನ ಮುಖ ನೋಡಿ ಊಟ ಮಾಡಿಲ್ಲ. ನನ್ನ ನೋಡಿದ್ರೆ ಮಗ ನೆನಪಾಗ್ತಾರೆ, ನಾನು ಕಣ್ಣೆದುರು ಇಲ್ದಿದ್ರೆ ಅವರಿಗೆ ಸಮಾಧಾನ ಆಗುತ್ತೆ ಅಂದ್ಕೊಂಡು ಕರೆಸಿದೆ. ಇರು ಅಂತ ಒಂದು ಸಲ ಅಂದಿದ್ರೆ ಇರ್ತಿದ್ದೆ.’ ಇಷ್ಟು ಹೇಳಿದ್ದು ಅವರು.”

ಚಾಮುಂಡಮ್ಮ ಸುನೀತಾಳ ಕೈ ಹಿಡಿದುಕೊಂಡಳು.

“ಇರು ಅನ್ನಿ ಟೀಚರಮ್ಮ. ಅವ್ಳತ್ತೆ ಏಳ್ತಾವ್ಳೆ ಅಂತ ಏಳಿ. ಇರು ಅಂತ.”

ಅಧಿಕಾರಿ ಕಾರ್ಡು ವಾಪಸು ಕೊಟ್ಟು, ಗುರುತು ಗೊತ್ತಾಯಿತು, ಇನ್ನು ಇದೆಲ್ಲ ಮತಗಟ್ಟೆಯೊಳಗೆ ಬೇಡಮ್ಮ, ಸಾಲು ಬೆಳೆಯುತ್ತಿದೆ ಎಂದರು. ಆಗ ಮಧುಕುಮಾರ್ ತನ್ನ ಲಿಸ್ಟು ಮಡಿಸಿಟ್ಟು, “ಏಳ್ಲಿ ಬುಡಿ ಸಾ. ನಮ್ದೇನೂ ಆಕ್ಷೇಪಣೆ ಇಲ್ಲ” ಎಂದ. ಉಳಿದ ಇಬ್ಬರೂ ತಲೆಯಾಡಿಸಿದರು. ಸುನೀತಾ ಹೇಳಿದಳು. ಮಿನತಿ ಎರಡೇ ಎರಡು ಪದ ಹೇಳಿದಳು.

“ಒಂದು ವರ್ಷ ಅಂತಿದಾರೆ” ಎಂದಳು ಸುನೀತಾ.

ಅಷ್ಟಾದ ಮೇಲೆ ಇಬ್ಬರೂ ಬೆರಳಿಗೆ ಶಾಯಿ ಹಾಕಿಸಿಕೊಂಡು ಓಟು ಹಾಕಿದರು. ಯಾರಿಗೆ ಹಾಕಿದರೋ ಅವರಿಗೇ ನೆನಪಿತ್ತೋ ಇಲ್ಲವೋ.

ಭಾನುವಾರ ಅಣ್ಣ ಬಂದ. ಮಾತಿನವನಲ್ಲ. ಮುದ್ದೆಯನ್ನು ಅಗಿದು ಅಗಿದು ಕಷ್ಟಪಟ್ಟು ತಿಂದ, ತಂಗಿಯ ಜೊತೆ ಹಿತ್ತಲಲ್ಲಿ ಒಂದು ಗಂಟೆ ಮಾತಾಡಿದ, ಮಾರನೆಯ ದಿನ ಒಬ್ಬನೇ ಹೊರಟುಹೋದ. ಚಾಮುಂಡಮ್ಮ ಅವನಿಗೆ ಒಂದು ಡಬ್ಬ ತುಪ್ಪ ಕೊಟ್ಟು ಕಳಿಸಿದಳು. ಮನಸ್ಸಿನಲ್ಲಿ ಮಾತ್ರ ಒಂದೇ ಎಣಿಕೆ. ಸಿಕ್ಕಿರುವುದು ಒಂದು ವರ್ಷ. ಅಷ್ಟರೊಳಗೆ ಕೃಷ್ಣನ ಮಾತನ್ನೆಲ್ಲ ಇವಳಿಂದ ಈಚೆಗೆ ತೆಗೆಸಬೇಕು. ನಲವತ್ತು ಪದ ಇಟ್ಟುಕೊಂಡು ಅದಾಗುವ ಕೆಲಸವಲ್ಲ. ಸುನೀತಾ ಅಂದು ತನ್ನ ನಂಬರು ಬರೆದುಕೊಟ್ಟಿದ್ದಳು, ಒಂದು ಭಾನುವಾರ ಮನೆಗೆ ಬನ್ನಿ, ನನಗೂ ಮನಸಾರೆ ಒಡಿಯಾ ಮಾತಾಡಿ ಹದಿನೈದು ವರ್ಷವಾಯಿತು ಎಂದಿದ್ದಳು.

ಮುಂದಿನ ಭಾನುವಾರವೇ ಹಾಲು ಕರೆದು, ಹಸುಗಳನ್ನು ಮಲ್ಲಾಜಮ್ಮನಿಗೆ ಒಪ್ಪಿಸಿ, ನರಸೀಪುರದ ಬಸ್ಸು ಹತ್ತಿದರು. ಮಲ್ಲಾಜಮ್ಮನಿಗೆ ಸಕ್ಕರೆಯನ್ನೂ ಕೊಟ್ಟಾಗಿತ್ತು. ಸುತ್ತೂರು ದಾಟುವವರೆಗೆ ಚಾಮುಂಡಮ್ಮ ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮೊದಲು ರಾತ್ರಿಯ ಮಾತು ಕೇಳಬೇಕು. ಆಮೇಲೆ ಅವನು ಕೊನೆಯ ತಿಂಗಳು ಅಷ್ಟು ಸೊರಗಿದ್ದು ಯಾಕೆ ಎಂದು ಕೇಳಬೇಕು. ನನ್ನ ಮೇಲೆ ಅವನಿಗೆ ಏನಾದರೂ ಬೇಜಾರಿತ್ತಾ ಎಂಬುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಪಕ್ಕದಲ್ಲಿ ಮಿನತಿ ಕಿಟಕಿಯ ಆಚೆ ಭತ್ತದ ಗದ್ದೆ ನೋಡುತ್ತಾ ತುಟಿ ಆಡಿಸುತ್ತಿದ್ದಳು. ಅವಳೂ ಏನನ್ನೋ ಜೋಡಿಸಿಕೊಳ್ಳುತ್ತಿದ್ದ ಹಾಗಿತ್ತು.

ಸುನೀತಾಳ ಮನೆಯ ವರಾಂಡದಲ್ಲಿ ಚಾಪೆ ಹಾಸಿ ಮೂವರೂ ಕೂತರು. ಇಲ್ಲಿ ಅಧಿಕಾರಿಯಿಲ್ಲ, ಏಜೆಂಟರಿಲ್ಲ, ಹಿಂದೆ ಸಾಲು ಬೆಳೆಯುವ ಭಯವಿಲ್ಲ. ಕಾಫಿಯಾದ ಮೇಲೆ ಚಾಮುಂಡಮ್ಮ ಲೋಟ ಕೆಳಗಿಟ್ಟಳು.

“ರಾತ್ರಿ ವೊತ್ತು ನನ್ ಮಗ ಇವ್ಳ ಜೊತೆ ಅಷ್ಟೊಂದು ಮಾತಾಡ್ತಿದ್ನಲ್ಲ, ಏನೇನು ಏಳ್ತಿದ್ದ ಕೇಳಿ ಟೀಚರಮ್ಮ. ಒಂದೂ ಬುಡ್ದಂಗೆ ಏಳು ಅನ್ನಿ.”

ಸುನೀತಾ ಕೇಳಿದಳು. ಮಿನತಿ ಅರ್ಥವಾಗದವಳಂತೆ ಒಮ್ಮೆ ಅವಳನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ಸ್ವಲ್ಪ ಮಾತಾಡಿದಳು, ನಿಲ್ಲಿಸಿದಳು, ಮತ್ತೆ ಸ್ವಲ್ಪ ಮಾತಾಡಿದಳು. ಸುನೀತಾ ಖಾಲಿ ಲೋಟಗಳನ್ನು ಪಕ್ಕಕ್ಕೆ ಸರಿಸತೊಡಗಿದಳು.

“ಇದ್ದಂಗೆ ಏಳಿ” ಎಂದಳು ಚಾಮುಂಡಮ್ಮ.

“ಅವರಿಗೆ ಅಷ್ಟೊಂದು ಒಡಿಯಾ ಬರ್ತಿರ್ಲಿಲ್ಲವಂತೆ ಅಮ್ಮ. ಫ್ಯಾಕ್ಟರಿಲಿ ಕಿವಿಗೆ ಬಿದ್ದ ಹತ್ತಿಪ್ಪತ್ತು ಮಾತು ಅಷ್ಟೇ ಅಂತೆ. ಊಟ ಆಯ್ತಾ, ತಗೊಂಡು ಬಾ, ಹುಷಾರು, ಶಿಫ್ಟು. ನೀವು ಹೇಳಿ ಕಳಿಸಿದ್ದೂ ಇವರಿಗೆ ಅರ್ಧ ತಿಳೀತಿರ್ಲಿಲ್ಲವಂತೆ, ಅಂದಾಜಿನ ಮೇಲೆ ತಲೆ ಆಡಿಸ್ತಿದ್ರಂತೆ. ರಾತ್ರಿ ಮೊಬೈಲಲ್ಲಿ ಒಡಿಯಾ ಕಾಮಿಡಿ ವಿಡಿಯೋ ಹಾಕಿ ಇವರಿಗೆ ತೋರಿಸ್ತಿದ್ರಂತೆ. ಇವರು ನಕ್ಕರೆ ಅವರೂ ನಗ್ತಿದ್ರಂತೆ.”

ಪರದೆಯ ಆಚೆ ಕೇಳಿಸುತ್ತಿದ್ದುದು ಮಗನ ದನಿ ಹೌದೋ ಅಲ್ಲವೋ ಎಂದು ಚಾಮುಂಡಮ್ಮ ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಕೇಳಬಾರದು ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

“ಇನ್ನೊಂದು ಹೇಳ್ತಿದಾರೆ” ಎಂದಳು ಸುನೀತಾ. “ಮನಸ್ಸಿನ ಮಾತೆಲ್ಲ ಅವರು ನಿಮ್ ಜೊತೆ ಕನ್ನಡದಲ್ಲಿ ಆಡ್ತಾರೆ ಅಂದ್ಕೊಂಡಿದ್ರಂತೆ. ಅವರು ಎಂಥವರು, ಏನೇನು ಹೇಳ್ತಿದ್ರು ಅಂತ ನಿಮ್ಮನ್ನ ಕೇಳ್ಬೇಕು, ಅಷ್ಟು ಕನ್ನಡ ಕಲಿಯೋಕೆ ಒಂದು ವರ್ಷ ಸಾಕಾಗುತ್ತೆ ಅಂತ ಆವತ್ತು ಒಂದು ವರ್ಷ ಅಂದ್ರಂತೆ. ಈಗ ನೀವು ಹೇಳ್ತೀರಾ ಅಂತ ಕೇಳ್ತಿದಾರೆ.”

ಮಿನತಿ ಚಾಪೆಯ ಮೇಲೆ ಮುಂದಕ್ಕೆ ಸರಿದು, ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಾ ಕೂತಿದ್ದಳು. ಚಾಮುಂಡಮ್ಮ ಹುಡುಕಿದಳು. ಮೂರು ವರ್ಷವನ್ನೆಲ್ಲ ಜಾಲಾಡಿದಳು. ಸಂಜೆ ಬರುತ್ತಿದ್ದ, ಉಣ್ಣುತ್ತಿದ್ದ, ಇಬ್ಬರ ನಡುವೆ ಕೂತು ನಗುತ್ತಿದ್ದ. ಯಾಕಪ್ಪ ಸಪ್ಪಗಿದ್ದೀಯ ಎಂದು ಒಂದೆರಡು ಸಲ ಕೇಳಿದ್ದುಂಟು. ಅವನು ಉತ್ತರ ಕೊಟ್ಟದ್ದುಂಟು. ಎಷ್ಟು ಹುಡುಕಿದರೂ ಸೊಸೆಗೆ ಕೊಡಲು ಅವಳ ಹತ್ತಿರ ಇದ್ದುದು ಆ ಒಂದು ಉತ್ತರವೇ.

“ನಂಗೂ ಏನೂ ಏಳ್ತಿರ್ಲಿಲ್ಲ ಅನ್ನಿ ಟೀಚರಮ್ಮ” ಎಂದಳು. “ಕೇಳುದ್ರೆ, ‘ಏನಿಲ್ಲ ಬುಡವ್ವ’ ಅಂತಿದ್ದ. ಅಷ್ಟೇಯ.”

ಸುನೀತಾ ಅದನ್ನು ಒಡಿಯಾದಲ್ಲಿ ಹೇಳಿದಳು. ಮಿನತಿಯ ಕಣ್ಣು ತುಂಬಿ ಬಂತು. ಚಾಮುಂಡಮ್ಮ ಅವಳ ಎದುರಿನಲ್ಲಿಯೇ, ಮುಖ ಮುಚ್ಚಿಕೊಳ್ಳದೆ ಅತ್ತಳು. ಎಂಟು ತಿಂಗಳಿಂದ ಅವಳು ಅತ್ತದ್ದು ಮಗನನ್ನು ಕಳೆದುಕೊಂಡ ತನಗಾಗಿ. ಅಂದು ಮೊದಲ ಸಲ ಅವನಿಗಾಗಿ ಅತ್ತಳು, ಮೂರು ವರ್ಷ ಇಬ್ಬರು ಹೆಂಗಸರ ಮಾತನ್ನು ಹೊತ್ತು ತಿರುಗಿ, ತನ್ನದೊಂದು ಮಾತನ್ನು ಯಾರಿಗೂ ಹೇಳದೆ ಹೋದವನಿಗಾಗಿ.